ಹುಲಿ ಸತ್ತದ, ಯಾರೂ ನಗಬ್ಯಾಡ್ರಿ

ನಾನು ಐದನೇ ಕ್ಲಾಸಿನಲ್ಲಿದ್ದಾಗ ನಮ್ಮ ಶಾಲೆ ಗ್ಯಾದರಿಂಗಿನಲ್ಲಿ ಪುಣ್ಯಕೋಟಿ ನಾಟಕ ಮಾಡಿಸಿದ್ದರು. ನಾನು ಕರುಗಳಲ್ಲಿ ಒಂದು. ಮಾತಿಲ್ಲ, ಸುಮ್ನೆ ಅಂಬಾ ಅನ್ನಬೇಕು. ಹುಲಿ ಆಗಿದ್ದವನು ನಮ್ಮ ಕ್ಲಾಸಿನಲ್ಲೇ ದಪ್ಪ ಹುಡುಗ. ಹಳದಿ ಬಣ್ಣ ಅದ್ದಿದ ಬನಿಯನ್, ಅದರ ಮೇಲೆ ಇದ್ದಿಲಿನ ಪಟ್ಟೆ, ಹಿಂದೆ ಹಗ್ಗದ ಬಾಲ. ಕೊನೆಗೆ ಹಸುವಿನ ಸತ್ಯ ನೋಡಿ ಹುಲಿ ಹಾರಿ ಪ್ರಾಣ ಬಿಡುತ್ತದಲ್ಲ, ಆ ಬೆಟ್ಟ ಅಂದರೆ ಒಂದರ ಮೇಲೊಂದು ಇಟ್ಟ ಎರಡು ಬೆಂಚು. ಹುಡುಗ ಹಾರಿದ. ಧೂಳೆದ್ದಿತು. ಬಾಲ ಬೆಂಚಿನ ಮೊಳೆಗೆ ಸಿಕ್ಕಿ ಬೆಟ್ಟದ ಮೇಲೇ ಉಳಿಯಿತು. ಸತ್ತು ಬಿದ್ದ ಹುಲಿ ಎರಡು ಸಲ ಸೀನಿತು.

ಮೈದಾನಕ್ಕೆ ಮೈದಾನವೇ ನಕ್ಕಿತು. ಒಂದು ತಿಂಗಳಿಂದ ಹಾಡು ಕಲಿಸಿದ್ದ ಟೀಚರ್ ಪರದೆ ಹಿಂದೆ ಕಣ್ಣೊರೆಸಿಕೊಳ್ಳುತ್ತಿದ್ದರು. ಹೆಡ್‌ಮಾಸ್ತರಿಗೆ ಸಿಟ್ಟು ಬಂತು. ಮೈಕು ಕಸಿದುಕೊಂಡು, "ಹುಲಿ ಸತ್ತದ! ಯಾರೂ ನಗಬ್ಯಾಡ್ರಿ!" ಅಂತ ಕೂಗಿದರು. ಆಮೇಲೆ ಏನಾಗಿರಬೇಕು ನೀವೇ ಊಹಿಸಿ. ಹುಲಿಗೇ ನಗು ತಡೆಯಲಾಗಲಿಲ್ಲ.

ತೆರೆ ಮೇಲೆ ಪ್ರಾಣಿ ಸತ್ತರೆ ಯಾವಾಗ ನಗು ಬರುತ್ತದೆ, ಯಾವಾಗ ಬರುವುದಿಲ್ಲ ಅನ್ನೋ ಯೋಚನೆ ಹತ್ತಿ ಇದು ನೆನಪಾಗಿದ್ದು ಹೋದ ಮೇ ತಿಂಗಳಲ್ಲಿ. ಕಲಬುರಗಿಯ ಮೇ ಗೊತ್ತಲ್ಲ, ಸಂಜೆ ಏಳಾದರೂ ಗೋಡೆ ಮುಟ್ಟಿದರೆ ಕೈ ಬಿಸಿಯಾಗುತ್ತದೆ. ಬ್ರಹ್ಮಪುರದ ನಮ್ಮ ತವರುಮನೆಯಲ್ಲಿ ಕರೆಂಟು ಹೋಗಿ ಕೂಲರ್ ನಿಂತಿತ್ತು. ಎಲ್ಲರೂ ಮಾಳಿಗೆ ಮೇಲೆ ಚಾಪೆ ಹಾಸಿಕೊಂಡು ಕೂತಿದ್ದೆವು. ಮಗಳು ಮೊಬೈಲ್ ಹಿಡಿದು ಒಬ್ಬಳೇ ಕಿಸಿಕಿಸಿ ನಗುತ್ತಿದ್ದಳು. ಅವ್ವನಿಗೆ ಒಬ್ಬರೇ ನಗುವವರನ್ನು ಕಂಡರೆ ಆಗುವುದಿಲ್ಲ. "ನಮಗೂ ತೋರ್ಸು, ನಾವೂ ನಗ್ತೀವಿ" ಅಂದಳು.

ತೋರಿಸಿದ್ದು ಸತ್ತ ಗಿಳಿಯ ಪ್ರಸಂಗ. ಬ್ರಿಟನ್ನಿನ ಬಿಬಿಸಿ ಟಿವಿಯಲ್ಲಿ ಮಾಂಟಿ ಪೈಥಾನ್ ಅನ್ನೋ ಹಾಸ್ಯ ತಂಡದವರು ಮಾಡಿದ್ದು, 1969ರ ಡಿಸೆಂಬರಿನಲ್ಲಿ ಮೊದಲ ಸಲ ಬಂದದ್ದು. ಜಾನ್ ಕ್ಲೀಸ್ ಗಿರಾಕಿ, ಮೈಕಲ್ ಪೇಲಿನ್ ಅಂಗಡಿಯವನು. ಅರ್ಧ ಗಂಟೆ ಹಿಂದೆ ಕೊಂಡ ಗಿಳಿ ಸತ್ತಿದೆ ಅಂತ ಗಿರಾಕಿ ವಾಪಸ್ ತಂದಿದ್ದಾನೆ. ಇಲ್ಲ, ಮಲಗಿದೆ ಅನ್ನುತ್ತಾನೆ ಅಂಗಡಿಯವನು. ಇಲ್ಲ, ತನ್ನ ದೇಶ ನಾರ್ವೆ ನೆನಸಿಕೊಂಡು ಕೊರಗುತ್ತಿದೆ ಅನ್ನುತ್ತಾನೆ. ಗಿಳಿ ಕೋಲಿನ ಮೇಲೆ ಕೂತಿದ್ದೇ ಅದರ ಕಾಲಿಗೆ ಮೊಳೆ ಹೊಡೆದಿದ್ದರಿಂದ. ಗಿರಾಕಿ ಗಿಳಿಯನ್ನು ಹಿಡಿದು ಕೌಂಟರಿಗೆ ಟಕಟಕ ಕುಟ್ಟಿ ಎಬ್ಬಿಸಲು ನೋಡುತ್ತಾನೆ. ಮಗಳು ಒಂದೊಂದೇ ಮಾತು ಕನ್ನಡದಲ್ಲಿ ಹೇಳುತ್ತಿದ್ದಳು. ಅವ್ವ ನಗಲಿಲ್ಲ. ಕನ್ನಡಕ ಮೇಲೆ ಮಾಡಿ ಕೇಳಿದಳು:

"ಅದು ಖರೇ ಗಿಳಿ ಅದನೋ, ಸುಳ್ಳು ಗಿಳಿ ಅದನೋ?"

ಸುಳ್ಳು ಗಿಳಿ ಅಮ್ಮಮ್ಮಾ, ಬೊಂಬೆ, ಅಂದಳು ಮಗಳು. "ಹಂಗಾದ್ರ ಮೊದ್ಲಿಂದ ಹಾಕು" ಅಂದಳು ಅವ್ವ. ಎರಡನೇ ಸಲ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅವ್ವನ ಪ್ರಶ್ನೆಗೆ ಕಾರಣ ಇದೆ. ನಮ್ಮ ಜಿಲ್ಲೆಗೆ ಟಿವಿ ಬಂದದ್ದೇ ಬೇರೆ ದಾರಿಯಲ್ಲಿ. 1975ರಲ್ಲಿ ಸರ್ಕಾರ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತೋರಿಸುವ ಪ್ರಯೋಗ ಮಾಡಿತು. ದೇಶದಲ್ಲಿ ಸುಮಾರು 2,400 ಹಳ್ಳಿ. ಕರ್ನಾಟಕದಲ್ಲಿ ಆರಿಸಿದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ಅದರ ಬೆನ್ನಿಗೇ 1977ರಲ್ಲಿ ಗುಲ್ಬರ್ಗಕ್ಕೆ ಟ್ರಾನ್ಸ್‌ಮಿಟರ್ ಬಂತು. ಬೆಂಗಳೂರು ದೂರದರ್ಶನ ಶುರುವಾಗಿದ್ದು 1981ರಲ್ಲಿ. (ಬೆಂಗಳೂರಿನ ಗೆಳತಿಯರಿಗೆ ಇದನ್ನು ನಾನು ವರ್ಷಕ್ಕೊಂದು ಸಲವಾದರೂ ಹೇಳುತ್ತೇನೆ. ಹೇಳಿಕೊಳ್ಳೋಕೆ ನಮಗೆ ಇನ್ನೇನಿದೆ, ತೊಗರಿ ಮತ್ತು ಬಿಸಿಲು ಬಿಟ್ಟರೆ.) ಅವ್ವ ಮೊದಲು ಟಿವಿ ನೋಡಿದ್ದು ಹಳ್ಳಿಯ ಶಾಲೆ ಅಂಗಳದಲ್ಲಿ, ನೆಲದ ಮೇಲೆ ಕೂತು. ಒಕ್ಕಲುತನ, ಆರೋಗ್ಯ, ದನಕರು ಸಾಕುವುದು, ಇವೇ ಕಾರ್ಯಕ್ರಮಗಳು. ಎಮ್ಮೆಗೆ ಸೂಜಿ ಹೇಗೆ ಹಾಕುತ್ತಾರೆ ಅಂತ ತೋರಿಸುತ್ತಿದ್ದರಂತೆ. ಅಲ್ಲಿ ಕಂಡ ಎಮ್ಮೆ ಖರೇ ಎಮ್ಮೆ. ಹಾಗಾಗಿ ಟಿವಿಯಲ್ಲಿ ಪ್ರಾಣಿ ಕಂಡರೆ ಅವ್ವನಿಗೆ ಮೊದಲು ಬರುವ ಪ್ರಶ್ನೆ ಇದೇ.

ಯೋಚಿಸಿದರೆ ಮೊದಲು ಕೇಳಬೇಕಾದ ಪ್ರಶ್ನೆಯೂ ಇದೇ. 1939ರಲ್ಲಿ ಬಂದ ಅಮೆರಿಕದ 'ಜೆಸ್ಸಿ ಜೇಮ್ಸ್' ಸಿನಿಮಾಕ್ಕಾಗಿ ಒಂದು ಕುದುರೆಯನ್ನು ಎತ್ತರದ ಬಂಡೆಯಿಂದ ನೀರಿಗೆ ಬೀಳಿಸಿದರು. ಕುದುರೆ ಸತ್ತಿತು. ಆ ಗದ್ದಲದ ನಂತರವೇ ಅಲ್ಲಿ ಶೂಟಿಂಗಿಗೆ ಪ್ರಾಣಿದಯೆಯವರು ಬಂದು ನಿಂತು ನೋಡುವ ಪದ್ಧತಿ ಶುರುವಾಯಿತು. ನಮ್ಮ ಹುಲಿ ಎರಡು ಬೆಂಚಿನಿಂದ ಹಾರಿ ಸೀನಿತ್ತು, ನಕ್ಕೆವು. ಆ ಕುದುರೆಗೆ ಏಳಲಾಗಲಿಲ್ಲ. ನಮ್ಮ ಸಿನಿಮಾಗಳ ಶುರುವಿನಲ್ಲೂ ಯಾವ ಪ್ರಾಣಿಗೂ ತೊಂದರೆ ಕೊಟ್ಟಿಲ್ಲ ಅಂತ ಸಣ್ಣ ಅಕ್ಷರದಲ್ಲಿ ಬರುತ್ತದಲ್ಲ, ಅದು ಅವ್ವನ ಪ್ರಶ್ನೆಗೆ ಉತ್ತರ. ಅದನ್ನು ಓದಿದ ಮೇಲೇ ನಗೋಕೆ ಪರವಾನಗಿ.

ಮೊಬೈಲ್ ರೀಲ್ಸ್‌ಗೆ ಆ ಪರವಾನಗಿ ಇಲ್ಲ. ನಾಯಿಗೆ ಬೈಕು ಬಡಿಯುತ್ತದೆ, ಹಿಂದೆ ಹಾಹಾಹಾ ಅಂತ ನಗುವಿನ ಸದ್ದು ಅಂಟಿಸಿರುತ್ತಾರೆ. ಕೋತಿ ಕರೆಂಟ್ ತಂತಿಯಿಂದ ಬೀಳುತ್ತದೆ, ಕೆಳಗೆ ಕಣ್ಣೀರು ಬರೋ ಹಾಗೆ ನಗುವ ಇಮೋಜಿಗಳ ಸಾಲು. ಅದನ್ನು ಕಾಮಿಡಿ ಅಂತ ಕರೆಯುವವರ ಜೊತೆ ನನಗೆ ವಾದವೇ ಬೇಡ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಮೊದಲ ಸಲ ಸಿಕ್ಕಿಬಿದ್ದವನಿಗೆ ದಂಡ 10ರಿಂದ 50 ರೂಪಾಯಿ. ಒಂದು ಪ್ಲೇಟ್ ಸುಸಲಾ, ಎರಡು ಮಿರ್ಚಿಗೆ ಆಗುವಷ್ಟು.

ಸರಿ, ಸುಳ್ಳು ಗಿಳಿಗೆ ಬರೋಣ. ಎರಡನೇ ಸಲ ನೋಡಿ ಮುಗಿಸಿದ ಅವ್ವ ತನ್ನ ಅಪ್ಪನ ಎಮ್ಮೆ ಕಥೆ ತೆಗೆದಳು. ನಮ್ಮಜ್ಜ ಸಂತೆಯಲ್ಲಿ ಎಮ್ಮೆ ಹಿಡಿದಿದ್ದ. ದಲಾಲಿ ಟವೆಲ್ ಕೆಳಗೆ ಕೈ ಹಿಡಿದು, ಬೆರಳು ಒತ್ತಿ, ರೇಟು ಕುದುರಿಸಿದ್ದ. ಮೂರನೇ ದಿನಕ್ಕೆ ಎಮ್ಮೆ ಸತ್ತಿತು. ಅಜ್ಜ ಮುಂದಿನ ಸಂತೆಗೆ ಹೋಗಿ ದಲಾಲಿಯ ಕೊರಳಪಟ್ಟಿ ಹಿಡಿದ. ದಲಾಲಿ ಕೈ ಮುಗಿದು ಅಂದನಂತೆ: "ದೇವರಾಣಿ ಗೌಡ್ರ, ನಮ್ಮ ಮನ್ಯಾಗ ಇದ್ದಾಗ ಅದು ಒಂದ್ ದಿನಾನೂ ಹಂಗ ಮಾಡಿಲ್ಲ."

ಮಾಳಿಗೆ ಮೇಲೆ ಎಲ್ಲರೂ ನಕ್ಕೆವು. ನಾನು ಸ್ವಲ್ಪ ಜಾಸ್ತಿ ನಕ್ಕೆ, ಯಾಕಂದರೆ ಈ ಮಾತು ನಾನು ಬೇರೆ ಕಡೆ ಓದಿದ್ದೆ. ಫಿಲೊಗೆಲೊಸ್ ಅಂತ ಹಳೆಯ ಗ್ರೀಕ್ ಜೋಕ್ ಪುಸ್ತಕ ಇದೆ. 1,500 ವರ್ಷಕ್ಕೂ ಹಿಂದಿನದು, ಸುಮಾರು 265 ಜೋಕು. ಅದರಲ್ಲಿ ಒಬ್ಬ ಬಂದು ನೀನು ಮಾರಿದ ಆಳು ಸತ್ತ ಅನ್ನುತ್ತಾನೆ. ಮಾರಿದವನು ಆಣೆ ಮಾಡಿ, ನನ್ನ ಹತ್ತಿರ ಇದ್ದಾಗ ಅವನು ಹಾಗೆಲ್ಲ ಮಾಡಿರಲಿಲ್ಲ ಅನ್ನುತ್ತಾನೆ. ಗಿಳಿ, ಎಮ್ಮೆ, ಆಳು. ಸತ್ತವರು ಬೇರೆ ಬೇರೆ, ಮಾರಿದವನು ಒಬ್ಬನೇ. ನಗು ಹೋಗಿ ತಾಗುವುದು ಅವನಿಗೆ, ಅವನ ದಪ್ಪ ಚರ್ಮಕ್ಕೆ. ಗಿಳಿ ಪಾಪ ಏನೂ ಮಾಡಿಲ್ಲ. ಸುಮ್ನೆ ಸತ್ತಿದೆ.

ಆದರೆ ಅಲ್ಲೊಂದು ಮುಳ್ಳಿದೆ. ಗ್ರೀಕರ ಜೋಕಿನಲ್ಲಿ ಸತ್ತಿದ್ದು ಮನುಷ್ಯ. ಕೊಂಡು ತಂದ ಗುಲಾಮ. ಆಗ ಕೇಳಿದವರು ಆರಾಮಾಗಿ ನಕ್ಕಿರಬೇಕು. ಇವತ್ತು ನಾನು ಅದನ್ನು ಹಾಗೇ ಹೇಳಿದರೆ ಮಗಳು ಮುಖ ಸಿಂಡರಿಸುತ್ತಾಳೆ. ಎಮ್ಮೆ ಅಂತ ಬದಲಾಯಿಸಿದರೆ ನಗುತ್ತಾಳೆ. ಅಂದರೆ ಜೋಕಿನಲ್ಲಿ ಗುರಿ ಮಾರುವವನೇ ಇದ್ದರೂ, ಯಾರ ಸಾವು ಅಗ್ಗ ಅನ್ನುವುದು ಮೊದಲೇ ತೀರ್ಮಾನ ಆಗಿರುತ್ತದೆ. ಪ್ರಾಣಿಗಳು ಈಗಲೂ ಆ ಅಗ್ಗದ ಪಟ್ಟಿಯಲ್ಲೇ ಇವೆ. ಎಷ್ಟು ದಿನ ಇರುತ್ತವೋ.

ಕೆಲವರು ಹೇಳುತ್ತಾರೆ, ಸಾವನ್ನು ಕಣ್ಣಿಗೆ ತೋರಿಸದೇ ಇದ್ದರೆ ನಗಬಹುದು ಅಂತ. ನಾನೂ ಬಹಳ ದಿನ ಹಾಗೇ ನಂಬಿದ್ದೆ. ಅದಕ್ಕೆ ಸಾಕ್ಷಿ ಬೇಕಾದರೆ 1978ರ ಅಮೆರಿಕದ ಒಂದು ಧಾರಾವಾಹಿ ಇದೆ, 'ಡಬ್ಲ್ಯೂಕೆಆರ್‌ಪಿ ಇನ್ ಸಿನ್ಸಿನಾಟಿ'. ಸಣ್ಣ ರೇಡಿಯೋ ಸ್ಟೇಷನ್. ಅವರ ಹಬ್ಬಕ್ಕೆ ಜನರಿಗೆ ಟರ್ಕಿ ಕೋಳಿ ಹಂಚಬೇಕು ಅಂತ ಮ್ಯಾನೇಜರಿಗೆ ಐಡಿಯಾ ಬರುತ್ತದೆ. ಹೆಲಿಕಾಪ್ಟರಿನಲ್ಲಿ ಒಯ್ದು ಮೇಲಿಂದ ಬಿಡುತ್ತಾನೆ, ಜೀವಂತ. ನಮಗೆ ಒಂದೂ ಟರ್ಕಿ ಕಾಣುವುದಿಲ್ಲ. ಕೆಳಗೆ ನಿಂತ ವರದಿಗಾರ ಮೈಕ್ ಹಿಡಿದು ಹೇಳುತ್ತಾನೆ: ಏನೋ ಕಪ್ಪಗೆ ಬೀಳ್ತಿದೆ, ಎರಡನೆಯದೂ ಬಂತು, ಪ್ಯಾರಾಚೂಟ್ ಇನ್ನೂ ಬಿಚ್ಚಿಲ್ಲ... ಆಮೇಲೆ ಗೊತ್ತಾಗುತ್ತದೆ, ಅವು ಟರ್ಕಿ. ಅವನ ದನಿ ಏರುತ್ತ ಹೋಗಿ ಚೀರಾಟವಾಗುತ್ತದೆ. ರೇಡಿಯೋದಲ್ಲಿ ಕ್ರಿಕೆಟ್ ಕೇಳಿ ಬೆಳೆದ ನಮ್ಮ ಕಡೆಯವರಿಗೆ ಇದು ಬೇಗ ಹಿಡಿಸುತ್ತದೆ. ಕಿವಿಯಲ್ಲೇ ನೋಡುವುದು ನಮಗೆ ರೂಢಿ. ಕೊನೆಗೆ ಮ್ಯಾನೇಜರ್ ಬರುತ್ತಾನೆ, ಬಟ್ಟೆಯೆಲ್ಲಾ ಹರಿದುಕೊಂಡು. ದೇವರಾಣೆ, ಟರ್ಕಿ ಹಾರುತ್ತವೆ ಅಂದುಕೊಂಡಿದ್ದೆ, ಅನ್ನುತ್ತಾನೆ. ಅಷ್ಟೇ.

ಒಂದು ಹಕ್ಕಿ ಬೀಳುವುದನ್ನು ತೋರಿಸಿದ್ದರೂ ಆ ನಗು ಸತ್ತುಹೋಗುತ್ತಿತ್ತು. ಹಾಗಾದರೆ ಲೆಕ್ಕ ಸರಿಹೋಯಿತಲ್ಲ?

ಇಲ್ಲ. ಟಾಮ್ ಅಂಡ್ ಜೆರ್ರಿಯಲ್ಲಿ 1949ರ ಒಂದು ಕಥೆ ಇದೆ. ಟಾಮ್ ಮೇಲೆ ಪಿಯಾನೋ ಬಿದ್ದು ಸಾಯುತ್ತಾನೆ. ಸ್ವರ್ಗಕ್ಕೆ ಹೋಗುವ ರೈಲಿನ ಹತ್ತಿರ ಸತ್ತ ಬೆಕ್ಕುಗಳೆಲ್ಲ ಸಾಲಾಗಿ ನಿಂತಿವೆ. ಟಾಮ್ ಅಪ್ಪಚ್ಚಿಯಾಗಿದ್ದು ಕಣ್ಣೆದುರಿಗೇ ನೋಡಿದೆವು, ನಕ್ಕೆವು. ಆ ಸಾಲಿನಲ್ಲಿ ಒಂದು ಒದ್ದೆ ಚೀಲ ಬರುತ್ತದೆ. ಅದರೊಳಗಿಂದ ಮೂರು ಪುಟ್ಟ ಮರಿಗಳು ಇಳಿದು ಹೋಗುತ್ತವೆ. ಟಿಕೆಟ್ ನೋಡುವವನು ಅವುಗಳ ಕಡೆ ನೋಡಿ, ಕೆಲವರು ಎಂಥದ್ದಕ್ಕೂ ಹೇಸುವುದಿಲ್ಲ ಅನ್ನೋ ಅರ್ಥದ ಒಂದು ಮಾತು ಹೇಳುತ್ತಾನೆ. ಸಾವು ಇಲ್ಲಿ ಕಾಣುವುದೇ ಇಲ್ಲ. ಬರೀ ಒದ್ದೆ ಚೀಲ.

ಚಿಕ್ಕವಳಿದ್ದಾಗ ನಾನು ಆ ಚೀಲವನ್ನು ಗಮನಿಸಿರಲೇ ಇಲ್ಲ. ದೊಡ್ಡವಳಾದ ಮೇಲೆ ಮಗಳ ಪಕ್ಕ ಕೂತು ನೋಡಿದಾಗ ಎದೆ ಧಸಕ್ ಅಂದಿತು. ಯಾಕಂದರೆ ಪಿಯಾನೋ ಬಿದ್ದು ಸತ್ತ ಬೆಕ್ಕನ್ನು ನಾನು ನಮ್ಮೂರಲ್ಲಿ ಎಲ್ಲೂ ನೋಡಿಲ್ಲ. ಚೀಲದಲ್ಲಿ ಕಟ್ಟಿ ಮರಿ ಬಿಟ್ಟು ಬಂದವರನ್ನು ನೋಡಿದ್ದೇನೆ. ಗಂಜ್‌ ಮಾರ್ಕೆಟ್ಟಿನಿಂದ ತೊಗರಿ ತುಂಬಿ ಬರುತ್ತದಲ್ಲ, ಅಂಥದ್ದೇ ಚೀಲ. ಟಾಮ್ ಮುಂದಿನ ವಾರ ಎದ್ದು ಬರುತ್ತಾನೆ, ಆ ಮೂರು ಬರುವುದಿಲ್ಲ. ಕಾಣಿಸಿದರೋ ಇಲ್ಲವೋ ಅನ್ನುವುದು ಲೆಕ್ಕಕ್ಕೇ ಬರಲಿಲ್ಲ ನೋಡಿ.

ನನಗೆ ಇಷ್ಟವಾದದ್ದು ಒಂದು ಪಾರಿವಾಳದ ಸಾವು. ಮಿಸ್ಟರ್ ಬೀನ್ ಮಾಡಿದ ರೋವನ್ ಅಟ್ಕಿನ್‌ಸನ್, ಅದಕ್ಕೂ ಮೊದಲು ಮಾಡಿದ್ದು 'ಬ್ಲ್ಯಾಕ್‌ಆ್ಯಡರ್'. ಈ ಹಾಸ್ಯ ಧಾರಾವಾಹಿಯ 1989ರ ಸರಣಿ ಮೊದಲ ಮಹಾಯುದ್ಧದ ಕಂದಕಗಳಲ್ಲಿ ನಡೆಯುತ್ತದೆ. ಕ್ಯಾಪ್ಟನ್ ಒಂದು ಅಂಚೆ ಪಾರಿವಾಳವನ್ನು ಹೊಡೆದು ತಿಂದುಬಿಡುತ್ತಾನೆ. ಅದು ಜನರಲ್ ಸಾಹೇಬರು ಚಿಕ್ಕಂದಿನಿಂದ ಪ್ರೀತಿಯಿಂದ ಸಾಕಿದ ಪಾರಿವಾಳ. ಕೋರ್ಟ್ ಮಾರ್ಷಲ್ ನಡೆಯುತ್ತದೆ, ಆ ಜನರಲ್ಲೇ ಜಡ್ಜು. ಗುಂಡಿಕ್ಕಿ ಕೊಲ್ಲುವ ಶಿಕ್ಷೆ. ದಿನಾ ಸಾವಿರಾರು ಹುಡುಗರನ್ನು ಸಾಯಲು ಕಳಿಸುವವನು ಹಕ್ಕಿಗಾಗಿ ಗೋಳಾಡುತ್ತಾನೆ. ನಗುತ್ತಾ ನಗುತ್ತಾ ಅವನ ಮೇಲೆ ಸಿಟ್ಟು ಬರುತ್ತದೆ. ಇದೇ ಬಿಬಿಸಿಯಲ್ಲಿ 1999ರಲ್ಲಿ ಬಂದ 'ದಿ ಲೀಗ್ ಆಫ್ ಜಂಟಲ್‌ಮೆನ್'ನಲ್ಲಿ ಮುಟ್ಟಿದ ಪ್ರಾಣಿಯನ್ನೆಲ್ಲ ಸಾಯಿಸುವ ಒಬ್ಬ ದನದ ಡಾಕ್ಟರ್ ಇದ್ದಾನೆ. ಮೊದಲ ಸಲ ನಕ್ಕೆ. ಮೂರನೇ ಸಲಕ್ಕೆ ಎದ್ದು ಹೋಗಿ ಚಹಾಕ್ಕೆ ಇಟ್ಟೆ.

ಈಗ ನಮ್ಮ ಮನೆ ಕೋಳಿ.

1990ರ ಆಸುಪಾಸು. ತಮ್ಮನಿಗೆ ಆರು ವರ್ಷ. ಊರಿಂದ ತಂದ ಮರಿಯೊಂದನ್ನು ಸಾಕಿದ್ದ, ಹೆಸರು ಚಂಪಿ. ಅಂಗೈಯಲ್ಲಿ ಜೋಳ ಹಿಡಿದರೆ ಬಂದು ಕುಕ್ಕಿ ತಿನ್ನುತ್ತಿತ್ತು. ಬೇರೆಯವರ ಕೋಳಿ ಜೊತೆ ಬೆರೆತರೆ ಗುರುತು ಸಿಗಲಿ ಅಂತ ಅದರ ಕಾಲಿಗೆ ಕೆಂಪು ದಾರ ಕಟ್ಟಿದ್ದ. ಒಂದು ಭಾನುವಾರ ಸೇಡಂ ಕಡೆಯಿಂದ ಕಾಕಾನ ಬೀಗರು ಹೇಳದೇ ಕೇಳದೇ ಬಂದಿಳಿದರು. ತಿಂಗಳ ಕೊನೆ. ಆಯಿ (ನಮ್ಮಜ್ಜಿ) ನಮ್ಮಿಬ್ಬರ ಕೈಗೆ ನಾಲ್ಕಾಣೆ ಕೊಟ್ಟು ಐಸ್ ಕ್ಯಾಂಡಿ ತಿಂದು ಬರ್ರಿ ಅಂದಳು. ಆಯಿ ತಾನಾಗಿ ದುಡ್ಡು ಕೊಟ್ಟಿದ್ದು ಅದೇ ಮೊದಲು. ನಮಗೆ ಆಗಲೇ ಅನುಮಾನ ಬರಬೇಕಿತ್ತು.

ವಾಪಸ್ ಬಂದಾಗ ಮಸಾಲಿ ಹುರಿದ ವಾಸನೆ ಓಣಿ ತುದಿಗೇ ಬರುತ್ತಿತ್ತು. ತಮ್ಮ ಕಾಲು ತೊಳೆಯಲು ಬಚ್ಚಲಿಗೆ ಹೋದ. ಅಲ್ಲಿ ನೀರು ಹೋಗುವ ತೂತಿನ ಹತ್ತಿರ ಕೆಂಪು ದಾರ ಅಂಟಿಕೊಂಡಿತ್ತು. ಎತ್ತಿಕೊಂಡ. ಏನೂ ಅನ್ನಲಿಲ್ಲ. ಮುಷ್ಟಿ ಬಿಗಿ ಮಾಡಿಕೊಂಡು ಅಲ್ಲೇ ನಿಂತ. ಅವತ್ತು ಊಟ ಮಾಡಲಿಲ್ಲ, ಎರಡು ದಿನ ಜ್ವರ. ಚಂಪಿ ಎಲ್ಲಿ ಅಂತ ಒಂದೇ ಸಲ ಕೇಳಿದ, ಅದೂ ನಿದ್ದೆಯಲ್ಲಿ. "ಊರಿಗಿ ಹೋಗ್ಯಾದ, ಮಲಕ್ಕೊ" ಅಂದಳು ಆಯಿ.

ನಡೆದದ್ದು ಇಷ್ಟು. ಈಗ ತಮ್ಮ ಹೇಳುವ ಕಥೆ ಕೇಳಿ. ನಮ್ಮ ಕಡೆ ಯಾವ ಮದುವೆ ಆದರೂ ಊಟದ ನಂತರ ಅವನನ್ನು ಹಿಡಿದು ಕೂರಿಸಿ ಇದನ್ನು ಹೇಳಿಸುತ್ತಾರೆ. ಅವನ ಕಥೆಯಲ್ಲಿ ಅವನು ಗಬಗಬ ತಿನ್ನುತ್ತಾನೆ. "ಆಯಿ, ಭಾರಿ ಆಗ್ಯಾದ, ಇನ್ನೊಂದ್ ಪೀಸ್ ಹಾಕು" ಅನ್ನುತ್ತಾನೆ. ಬೀಗರ ಪಾಲಿನ ಕಾಲನ್ನೂ ಕಿತ್ತುಕೊಳ್ಳುತ್ತಾನೆ. ಆಮೇಲೆ ಹಲ್ಲಿಗೆ ಏನೋ ಸಿಕ್ಕುತ್ತದೆ. ಎಳೆಯುತ್ತಾನೆ, ಎಳೆಯುತ್ತಾನೆ, ಕೈ ಉದ್ದಕ್ಕೆ ಚಾಚಿ ತೋರಿಸುತ್ತಾನೆ, ಕೆಂಪು ದಾರ! ಅಷ್ಟು ಹೊತ್ತಿಗೆ ಜನ ಬಿದ್ದು ಬಿದ್ದು ನಗುತ್ತಿರುತ್ತಾರೆ. ನಾನೂ ನಗುತ್ತೇನೆ. ಪ್ರತಿ ಸಲ. ದಾರ ಬಚ್ಚಲಲ್ಲಿತ್ತು ಅಂತ ಗೊತ್ತಿದ್ದೂ.

ಅವನು ಏನು ಮಾಡಿದ ನೋಡಿ. ಕೋಳಿ ಸತ್ತ ಕಥೆಗೆ ಯಾರೂ ನಗುವುದಿಲ್ಲ. ಅದಕ್ಕೆ ತಾನೇ ಹೊಟ್ಟೆಬಾಕ ಆದ. ನಗು ಬಂದು ತನಗೆ ತಾಗುವ ಹಾಗೆ ದಾರವನ್ನು ಬಚ್ಚಲಿಂದ ತಾಟಿಗೆ ತಂದ. ಯಾರೂ ಕಲಿಸಿದ್ದಲ್ಲ. ಅಮೆರಿಕದ ಕಾರ್ಟೂನ್ ಧಾರಾವಾಹಿ 'ದಿ ಸಿಂಪ್ಸನ್ಸ್' ನೋಡಿದವನೂ ಅಲ್ಲ. ಅದರಲ್ಲಿ 1998ರಲ್ಲಿ ಬಂದ ಒಂದು ಕಂತಿನಲ್ಲಿ ಆ ಮನೆಯ ಅಪ್ಪ ಹೋಮರ್ ತಿನ್ನೋಕೆ ಅಂತ ಸಣ್ಣ ಸಿಗಡಿಯಂಥ ಲಾಬ್‌ಸ್ಟರ್ ತರುತ್ತಾನೆ. ಬೆಳೆಸಿ ತಿನ್ನೋಣ ಅಂತ ಸಾಕುತ್ತಾನೆ, ಮುದ್ದು ಮಾಡುತ್ತಾನೆ, ಪಿಂಚಿ ಅಂತ ಹೆಸರಿಡುತ್ತಾನೆ. ಕೊಳೆಯಾಗಿದೆ ಅಂತ ಬಿಸಿನೀರಿನ ಸ್ನಾನ ಮಾಡಿಸುತ್ತಾನೆ, ಅದು ಬೆಂದೇ ಹೋಗುತ್ತದೆ. ಮೇಜಿನ ಮೇಲೆ ಇಟ್ಟುಕೊಂಡು ಗೊಳೋ ಅಂತ ಅಳುತ್ತಾ ತಿನ್ನುತ್ತಾನೆ. ಬಾಯಿ ರುಚಿ ಅನ್ನುತ್ತದೆ, ಕಣ್ಣು ನೀರು ಸುರಿಸುತ್ತದೆ. ಪಿಂಚಿಗೂ ಚಂಪಿಗೂ ಪ್ರಾಸ ಕೂಡ ಕೂಡುತ್ತದೆ, ಹಾಳಾದ್ದು.

ಒಂದು ವ್ಯತ್ಯಾಸ ಮಾತ್ರ ಇದೆ. ಮೊನ್ನೆ ಗಮನಿಸಿದೆ. ಹೋಮರ್ ಕೊನೆ ತುತ್ತಿನ ತನಕ ಹೆಸರು ಹಿಡಿದು ಅಳುತ್ತಾನೆ. ತಮ್ಮನ ಕಥೆಯಲ್ಲಿ ಕೋಳಿಗೆ ಹೆಸರೇ ಇಲ್ಲ. "ನಾ ಒಂದು ಕೋಳಿ ಸಾಕಿದ್ದೆ" ಅಂತ ಶುರು ಮಾಡುತ್ತಾನೆ. ಮೂವತ್ತೈದು ವರ್ಷದಲ್ಲಿ ಒಂದು ಸಲವೂ ಚಂಪಿ ಅಂದಿಲ್ಲ.

ಇಲ್ಲಿಂದ ಗಾಡಿಯಲ್ಲಿ ಎರಡು ಗಂಟೆ ಹೋದರೆ ಬಸವಕಲ್ಯಾಣ. ಹನ್ನೆರಡನೇ ಶತಮಾನದಲ್ಲಿ ಅಲ್ಲಿದ್ದ ಬಸವಣ್ಣನವರ ಒಂದು ವಚನ ಹೀಗೆ ಶುರುವಾಗುತ್ತದೆ: "ಹಬ್ಬಕ್ಕೆ ತಂದ ಹರಕೆಯ ಕುರಿ ತೋರಣಕ್ಕೆ ತಂದ ತಳಿರ ಮೇಯಿತ್ತು." ನಾವೆಲ್ಲ ಇದನ್ನು ಪಾಠದಲ್ಲಿ ಗಂಭೀರವಾಗಿ ಓದಿದವರು. ಒಂದು ಸಲ ಕಣ್ಣ ಮುಂದೆ ತಂದುಕೊಳ್ಳಿ. ಹಬ್ಬದ ಗಡಿಬಿಡಿ. ಒಬ್ಬ ಬೆಳಿಗ್ಗೆ ಎದ್ದು ಮರ ಹತ್ತಿ ಮಾವಿನ ಎಲೆ ತಂದಿದ್ದಾನೆ. ತನ್ನನ್ನು ಕಡಿಯೋ ಹಬ್ಬದ ತೋರಣವನ್ನೇ ಕುರಿ ಹಿಂದಿನಿಂದ ಬಂದು ಕರಕರ ತಿನ್ನುತ್ತಿದೆ. ಇದು ಟಿವಿಯಲ್ಲಿ ಬಂದರೆ ನಗದವರು ಯಾರು? ನಾನಂತೂ ನಗುತ್ತೇನೆ. ವಚನ ಅಲ್ಲಿಗೆ ಬಿಡುವುದಿಲ್ಲ, "ಕೊಂದವರುಳಿದರೆ" ಅಂತ ಕೇಳಿ ಮುಗಿಯುತ್ತದೆ. ಆಗ ನಕ್ಕ ಬಾಯಿ ಹಾಗೇ ನಿಲ್ಲುತ್ತದೆ. ಕುರಿ ಒಂದಲ್ಲ, ಅಂಗಳದಲ್ಲಿ ನಿಂತವರೆಲ್ಲ ಎಲೆ ತಿನ್ನುತ್ತಿದ್ದವರೇ.

ಅವ್ವನಿಗೆ ಇಷ್ಟೆಲ್ಲ ಹೇಳಲು ಹೋದೆ. "ನಿನಗ ಕೆಲಸಿಲ್ಲ" ಅಂದಳು.

ಹೋದ ವಾರ ತವರಿಗೆ ಹೋದಾಗ ಅವ್ವ ಕಟ್ಟೆ ಮೇಲೆ ಪಕ್ಕದ ಮನೆ ಚಾಚಿ ಜೊತೆ ಕೂತು ಮೆಂತ್ಯೆ ಸೋಸುತ್ತಿದ್ದಳು. ಗಿಳಿ ಕಥೆ ನಡೆದಿತ್ತು. ಅಂಗಡಿ ಇಂಗ್ಲೆಂಡಿನಿಂದ ಗಂಜ್‌ಗೆ ಬಂದಿತ್ತು. ಗಿರಾಕಿ ಅವ್ವನಿಗೆ ಗೊತ್ತಿದ್ದವನಂತೆ, ಯಾರದೋ ಅಳಿಯ. ಮೊಳೆ ಹೊಡೆದದ್ದು, ಕೌಂಟರಿಗೆ ಕುಟ್ಟಿದ್ದು, ಎಲ್ಲ ಸರಿಯಾಗಿ ಹೇಳಿದಳು. ಚಾಚಿ ಕೈಯಲ್ಲಿದ್ದ ಮೆಂತ್ಯೆ ಕಡ್ಡಿ ಹಾಗೇ ಹಿಡಿದು ಕೇಳುತ್ತಿದ್ದಳು.

"ಮತ್ತ ರೊಕ್ಕ ವಾಪಸ್ ಕೊಟ್ಟನೇನ್ರಿ?"

"ಎಲ್ಲಿ ಕೊಡ್ತಾನ! ಗಿಳಿ ಖಾಲಿ ಆಗ್ಯಾವ, ಒಂದು ಹುಳ ಅದ, ಬೇಕಾದ್ರ ಒಯ್ಯಿ ಅಂದ."

ಚಾಚಿ ಸ್ವಲ್ಪ ಹೊತ್ತು ಯೋಚನೆ ಮಾಡಿದಳು. "ಹುಳ ಮಾತಾಡ್ತದೇನ್ರಿ?"

"ಅವನೂ ಅದೇ ಕೇಳಿದ ನೋಡು" ಅಂದಳು ಅವ್ವ.